ಒದೆಯಲೊಲ್ಲದ ಮಾಮಾ

ನಮ್ಮ ಮಾಮಾನ ಕೈಯಲ್ಲಿ, ಅಲ್ಲ, ಕಾಲಲ್ಲಿ ಒದೆ ತಿನ್ನಲು ಜನ ಸರದಿ ನಿಲ್ಲುತ್ತಿದ್ದರು ಎಂದರೆ ನೀವು ನಂಬುವುದಿಲ್ಲ. ಬೇಡ ಬಿಡಿ, ನನಗೇನೂ ನಷ್ಟವಿಲ್ಲ! ಆದರೆ ಗೋವಾದ ಸಾಂಕೋಲೆಯಲ್ಲಿರುವ ನಮ್ಮ ಓಣಿಗೆ ಬಂದು ಕೇಳಿ ನೋಡಿ. ಅರ್ಧ ಓಣಿಯ ಬೆನ್ನಿಗೆ ಅವನ ಅಂಗಾಲಿನ ಪರಿಚಯವಿದೆ.

ಮಾಮಾ ಎಂದರೆ ನಮ್ಮವ್ವನ ತಮ್ಮ. ಲೋಕದ ಮಕ್ಕಳೆಲ್ಲ ತಲೆ ಮುಂದಾಗಿ ಹುಟ್ಟಿದರೆ ಈತ ಕಾಲು ಮುಂದಾಗಿ ಹುಟ್ಟಿದ. ಅಂಥವರು ಒದ್ದರೆ ಬೆನ್ನಿನ ಉಳುಕು ಬಿಡುತ್ತದೆ ಎಂಬುದು ದುಡಿಯಲು ಇಲ್ಲಿಗೆ ಬಂದ ನಮ್ಮ ವಿಜಯಪುರದ ಕಡೆಯವರ ನಂಬಿಕೆ. ಬಂದರಿನಲ್ಲಿ ಮೂಟೆ ಹೊರುವವರು, ಸೆಂಟ್ರಿಂಗ್ ಕೆಲಸದವರು ಅಂಗಳದಲ್ಲಿ ಬೋರಲು ಮಲಗುವರು. ಮಾಮಾ ಗೋಲಿಯಾಟ ಬಿಟ್ಟು ಬಂದು ಮೂರು ಸಲ ಒದ್ದು ಮತ್ತೆ ಓಡುವನು. ಒಮ್ಮೆ ಶಾಲೆಯ ಗಣಿತದ ಮಾಸ್ತರರೇ ಬಂದು ಮಲಗಿದರಂತೆ. ಅವತ್ತು ಮೂರರ ಬದಲು ಆರು ಬಿದ್ದವು! ಲೆಕ್ಕದಲ್ಲಿ ಮಾಮಾ ಮೊದಲಿನಿಂದಲೂ ಸ್ವಲ್ಪ ಹಿಂದೆ.

ಅದೇ ಹುಡುಗ ದೊಡ್ಡವನಾಗಿ, ವಿದ್ಯಾರ್ಥಿವೇತನ ಹಿಡಿದು ಹೊರದೇಶಕ್ಕೆ ಹೋಗಿ ಕೈರೋಪ್ರಾಕ್ಟರ್ ಆಗಿ ಬಂದ. ಅಂದರೆ ಬೆನ್ನುಮೂಳೆಯನ್ನೂ ಕೀಲುಗಳನ್ನೂ ಕೈಯಿಂದ ಒತ್ತಿ ಹದಕ್ಕೆ ತರುವವನು. ವಾಸ್ಕೋದಲ್ಲಿ ಬೋರ್ಡು ಹಾಕಿ ಕೂತ. ಮೊದಲ ದಿನ ಬಂದ ಲಾರಿ ಡ್ರೈವರ್ ಕಾಕಾ, ಮೆತ್ತನೆಯ ಹೊಸ ಮೇಜನ್ನು ಕಣ್ಣೆತ್ತಿಯೂ ನೋಡದೆ ನೆಲದ ಮೇಲೆ ಬೋರಲು ಬಿದ್ದರು.

"ಕಾಕಾ, ಮ್ಯಾಲ ಮಲಗ್ರಿ. ಕೈಲೆ ನೋಡ್ತೀನಿ."

"ಕೈಲೆ ಯಾಕ್ರಿ? ನಿಮ್ಮ ಕಾಲಿಗೇನಾತು?"

ಒದೆಯುವುದನ್ನೇನೋ ಬಿಟ್ಟ, ಹೊಸದೊಂದು ಚಟ ಹತ್ತಿತು. ಬಂದವರನ್ನು ಬೇರೆಯವರ ಬಳಿ ಅಟ್ಟುವುದು! ಕೈ ಜೋಮು ಹಿಡಿದಿದೆಯೇ? ಕೆಳಮಹಡಿಯ ಮೂಳೆ ಡಾಕ್ಟರು. ಸೊಂಟಕ್ಕೆ ಕಸರತ್ತು ಬೇಕೇ? ಎದುರಿನ ಫಿಸಿಯೋಥೆರಪಿ ಹುಡುಗಿ. ಬಂದ ಗಿರಾಕಿಗೆ ಪಕ್ಕದ ಅಂಗಡಿ ತೋರಿಸುವ ವ್ಯಾಪಾರಿಯನ್ನು ನೀವೆಲ್ಲಾದರೂ ಕಂಡಿದ್ದೀರಾ? "ಹಿಂಗಾದ್ರ ಉದ್ಧಾರ ಆದಿ ಬಿಡು" ಎಂದು ಅವ್ವ ಬೈಯುವಳು. "ಅಕ್ಕಾ, ನಂದಲ್ಲದ ಬ್ಯಾನಿಗೆ ನಾ ಕೈ ಹಚ್ಚಂಗಿಲ್ಲ" ಎನ್ನುವನು ಇವನು.

ಮೂಳೆ ಡಾಕ್ಟರು ಗೋವಾದವರೇ. ಮೊದಮೊದಲು ಮಾಮಾನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಒಂದು ದಿನ ಮುಖ ತಿರುಗಿಸಲೂ ಆಗದಂತೆ ಅವರ ಕತ್ತೇ ಹಿಡಿದುಕೊಂಡಿತು! ಊಟದ ಹೊತ್ತಿನಲ್ಲಿ ಯಾರೂ ಇಲ್ಲದ್ದು ನೋಡಿ ಮೆಲ್ಲಗೆ ಮೆಟ್ಟಿಲು ಹತ್ತಿ ಬಂದರು. ನಮ್ಮ ಮಾಮಾ ಬಿಟ್ಟಾನೆಯೇ? "ಮೊದಲು ಕೆಳಗಿನ ಡಾಕ್ಟರಿಗೆ ತೋರಿಸಿ ಎಕ್ಸ್‌ರೇ ತೆಗೆಸಿಕೊಂಡು ಬನ್ನಿ" ಎಂದು ಅವರನ್ನು ಅವರ ಬಳಿಗೇ ಕಳಿಸಿದ. ಅಂದಿನಿಂದ ಇಬ್ಬರೂ ಒಟ್ಟಿಗೇ ಮೀನು ಸಾರು ಅನ್ನ ಉಣ್ಣುತ್ತ ಕಂಡವರ ಬೆನ್ನುಮೂಳೆಯ ಮೇಲೆ ಜಗಳವಾಡುತ್ತಾರೆ.

ಹೋದ ವರ್ಷ ಅವ್ವನ ಸರದಿ ಬಂತು. ಕಾರ್ಖಾನೆಯವರಿಗೆ ಜೋಳದ ರೊಟ್ಟಿ ಬಡಿದು ಕೊಡುವ ಕೆಲಸ ಅವಳದು. ಸೊಂಟ ಹಿಡಿದದ್ದನ್ನು ಬಹಳ ದಿನ ಮುಚ್ಚಿಟ್ಟಿದ್ದಳು. ಕೊನೆಗೆ ನನ್ನನ್ನು ಕರೆದುಕೊಂಡು ತಮ್ಮನ ಕ್ಲಿನಿಕ್ಕಿಗೆ ಬಂದವಳೇ, ಚಪ್ಪಲಿಯನ್ನೂ ಬಿಡದೆ ನೆಲದ ಮೇಲೆ ಬೋರಲು ಮಲಗಿಬಿಟ್ಟಳು.

"ಊರ ಮಂದಿಗೆಲ್ಲಾ ಒದ್ದೀದಿ. ಒಡಹುಟ್ಟಿದಾಕಿಗೆ ಒಂದು ಒದಿಯಾಕ ಏನ್ ಧಾಡಿ ನಿನಗ?"

ನಾನು ನಕ್ಕೆ. ಮಾಮಾನೂ ನಕ್ಕ. ನಗುತ್ತಲೇ ಅವಳ ಕಾಲು ನೋಡಿದ.

"ಅಕ್ಕಾ, ಬಲಗಾಲಿನ ಚಪ್ಪಲಿ ಎಲ್ಲಿ?"

"ಕಾಲಾಗs ಐತಲ್ಲೋ."

ಚಪ್ಪಲಿ ಹೊರಗೆ ಮೆಟ್ಟಿಲ ಮೇಲೆ ಬಿದ್ದಿತ್ತು. ಕಳಚಿದ್ದು ಅವ್ವನಿಗೆ ತಿಳಿದೇ ಇರಲಿಲ್ಲ.

ಮಾಮಾನ ನಗು ನಿಂತಿತು. "ಹೆಬ್ಬೆರಳು ಎತ್ತು" ಎಂದ. ಬೆರಳು ಅಲುಗಲಿಲ್ಲ. ಅವ್ವ ಮಾತ್ರ "ಒಂದs ಒಂದು ಒದಿ, ಎಲ್ಲಾ ಸರಿ ಆಗ್ತೈತಿ" ಎಂದು ಗೋಗರೆಯುತ್ತಲೇ ಇದ್ದಳು. ಅವನು ಒಲ್ಲೆನೆಂದಾಗ "ಹಂಗಾರ ನೀ ನನ್ನ ತಮ್ಮನs ಅಲ್ಲ" ಎಂದು ಗೋಡೆಯ ಕಡೆ ಮುಖ ಮಾಡಿದಳು. ಗಾಲಿಕುರ್ಚಿಯಲ್ಲಿ ಕೂರಿಸಿ ಕೆಳಗೆ ಇಳಿಸುವಾಗಲೂ ಬೈಗಳು ನಿಲ್ಲಲಿಲ್ಲ. ಸ್ಕ್ಯಾನ್ ಆಯಿತು. ಬೆನ್ನುಮೂಳೆಯ ಒಂದು ಬಿಲ್ಲೆ, ಅದೇ ಡಿಸ್ಕ್, ಸರಿದು ನರವನ್ನು ಅಮುಕಿತ್ತು. ಮರುದಿನ ಬೆಳಿಗ್ಗೆಯೇ ಆಪರೇಷನ್ ಎಂದರು ಡಾಕ್ಟರು.

ಅವ್ವ ಇನ್ನು ನಡೆಯುವಳೋ ಇಲ್ಲವೋ! ನನಗೆ ಅಷ್ಟು ಭಯ ಎಂದೂ ಆಗಿರಲಿಲ್ಲ. ಆಪರೇಷನ್ ಮುಗಿಸಿ ಬಾಗಿಲು ತೆರೆದು ಹೊರಬಂದ ಡಾಕ್ಟರು ಮಾಮಾನ ಹೆಗಲ ಮೇಲೆ ಕೈಯಿಟ್ಟು ಕೊಂಕಣಿಯಲ್ಲಿ "ಬರೆಂ ಜಾಲೆಂ, ವೆಳಾರ್ ಹಾಡ್ಲೆಂ" ಎಂದರು. ಚಲೋ ಆಯಿತು, ಹೊತ್ತಿಗೆ ಸರಿಯಾಗಿ ಕರೆತಂದೆ ಎಂದು. ಆ ಬೆನ್ನಿಗೆ ಯಾರಾದರೂ ಒದ್ದಿದ್ದರೆ ಕಾಲು ಹೋಗುತ್ತಿತ್ತಂತೆ. ಬೆರಳು ಅಲುಗಿಸಿದಳು ಎಂದೂ ಹೇಳಿದರು. ನಾನು ಅಲ್ಲೇ ನೆಲಕ್ಕೆ ಕುಕ್ಕರಿಸಿ ಅತ್ತೆ, ನಕ್ಕೆ, ಎದುರು ಸಿಕ್ಕ ನರ್ಸಮ್ಮನಿಗೆ ಕೈ ಮುಗಿದೆ.

ಅವ್ವನನ್ನು ಫಿಸಿಯೋಥೆರಪಿ ಹುಡುಗಿ ನಡೆಸಿದ ದಿನ ಮಾಮಾ ಹಿಂದೆ ಹಿಂದೆಯೇ ಬಂದ, ಅಂಬೆಗಾಲು ಬಿಟ್ಟ ಕೂಸಿನ ಹಿಂದೆ ಹೋಗುವವರ ಹಾಗೆ ಎರಡೂ ಕೈ ಚಾಚಿಕೊಂಡು. "ಸರಿಯೋ ಆ ಕಡೆ, ಬೀಳಂಗಿಲ್ಲ ನಾ" ಎಂದು ಅವ್ವ ಗದರಿದಳು. ಅವನು ಸರಿಯಲಿಲ್ಲ.

"ಮಾಮಾ, ದಿನಾ ಮಂದಿ ಬೆನ್ನು ನೋಡಾಂವ ನೀ. ಅವ್ವನ ಬೆನ್ನಿಗ್ಯಾಕ ಇಷ್ಟು ಅಂಜತಿ?" ಎಂದು ಕಾಡಿಸಿದೆ.

ಮಾಮಾ ಕೈ ಇಳಿಸದೆಯೇ ಹೇಳಿದ: "ನಮ್ಮಪ್ಪ ನಮ್ಮವ್ವ ಸೈಟಿನ್ಯಾಗ ಕಲ್ಲು ಹೊರಾಕ ಹೋದ್ರ ನಿಮ್ಮವ್ವ ನನ್ನ ಬೆನ್ನಿಗೆ ಕಟ್ಕೊಂಡು ತಿರಗತಿದ್ಲು. ಆಕಿನೂ ಸಣ್ಣಾಕಿನs ಇದ್ಲು. ನಾ ನಡಿಯಾಕ ಕಲತದ್ದು ಭಾಳ ತಡಾ ಆತಂತ. ಆ ಬೆನ್ನು ಬಿಟ್ಟು ಇಳಿಯಾಕ ಮನಸs ಇರಲಿಲ್ಲ ನನಗ."

ಅವ್ವನಿಗೆ ಕೇಳಿಸಿತೋ ಏನೋ. ತಿರುಗಿ ನೋಡಲಿಲ್ಲ. ನಡೆಯುತ್ತಲೇ ಒಂದು ಕೈಯನ್ನು ಹಿಂದಕ್ಕೆ ಚಾಚಿದಳು, ಮಾಮಾ ಹಿಡಿದುಕೊಂಡ.