ಷಡ್ಡಕನ ಕಾಫಿ, ಷಡ್ಡಕನ ಕ್ಯಾಮೆರಾ

ಪಕ್ಕದ ಮನೆಯವರು ಮಹಡಿ ಎತ್ತಿದರೂ, ಎದುರು ಮನೆಯವರು ಹೊಸ ಕಾರು ತಂದು ನಿಲ್ಲಿಸಿದರೂ ನನಗೆ ಏನೂ ಅನ್ನಿಸುವುದಿಲ್ಲ. ಹೋಗಿ ಕಾರು ನೋಡಿ, ಅವರು ಕೊಟ್ಟ ಲಡ್ಡು ತಿಂದು, ಮನೆಗೆ ಬಂದು ನಿಶ್ಚಿಂತೆಯಾಗಿ ಮಲಗುವವನು ನಾನು. ಹೀಗಾಗಿ ಹೊಟ್ಟೆಕಿಚ್ಚು ಎಂಬ ಗುಣವೇ ನನ್ನಲ್ಲಿಲ್ಲವೆಂದು ಐವತ್ತೆರಡು ವರ್ಷ ನಂಬಿಕೊಂಡಿದ್ದೆ. ಬೇರೆಯವರ ಹೊಟ್ಟೆಕಿಚ್ಚಿನ ಬಗ್ಗೆ ಬುದ್ಧಿ ಹೇಳಿದ್ದೂ ಉಂಟು. ನಿಜ ಏನೆಂದರೆ, ಅದು ಒಳಗೇ ಇತ್ತು. ಸರಿಯಾದ ಜಾಗಕ್ಕೆ ಯಾರೂ ಕೈ ಹಾಕಿರಲಿಲ್ಲ. ಕೈ ಹಾಕಿದವನು ನನ್ನ ಷಡ್ಡಕ ಮಾದೇಶ.

ನಾನಿರುವುದು ಸೇಲಂ ಹತ್ತಿರದ ಓಮಲೂರಿನಲ್ಲಿ, ಕೆಲಸ ಶಂಕಗಿರಿಯ ಒಂದು ಲಾರಿ ಬುಕಿಂಗ್ ಆಫೀಸಿನಲ್ಲಿ. ಯಾವ ಲಾರಿ ಯಾವ ಊರಿನ ಯಾವ ಹೋಟೆಲ್ ಮುಂದೆ ನಿಂತಿದೆ ಎಂದು ದಿನವಿಡೀ ಫೋನಿನಲ್ಲಿ ಕೂಗುವುದೇ ಉದ್ಯೋಗ. ಎಲ್ಲರೂ ಅವಸರ ಮಾಡುವ ಈ ಕೆಲಸದಲ್ಲಿರುವುದಕ್ಕೋ ಏನೋ, ನನಗೆ ಹಿಡಿದ ಎರಡೂ ಹುಚ್ಚುಗಳು ನಿಧಾನದವು. ಒಂದು, ಹಿತ್ತಾಳೆ ಫಿಲ್ಟರಿನಲ್ಲಿ ತೊಟ್ಟು ತೊಟ್ಟಾಗಿ ಇಳಿಯುವ ಕಾಫಿ. ಇನ್ನೊಂದು, ರೀಲು ಹಾಕಿ ತೆಗೆಯುವ ಹಳೆಯ ಕ್ಯಾಮೆರಾ. ಎರಡರಲ್ಲೂ ಮಾಡುವಷ್ಟು ಮಾಡಿ ಮುಚ್ಚಳ ಹಾಕಿ ಕಾಯಬೇಕು. ಒಳಗೆ ಏನಾಗುತ್ತಿದೆ ಎಂದು ತೆಗೆದು ನೋಡಿದರೆ ಕೆಟ್ಟಿತು.

ಕಾಫಿಯ ವಿಷಯದಲ್ಲಿ ನಾನು ತುಂಬ ಕಟ್ಟುನಿಟ್ಟು. ಪುಡಿಯನ್ನು ಸೇಲಂಗೆ ಹೋಗಿ ಕಣ್ಣೆದುರೇ ಬೀಸಿಸಿ ತರುತ್ತೇನೆ. ಪುಟ್ಟ ತಕ್ಕಡಿಯಲ್ಲಿ ತೂಗಿ ಹಾಕುತ್ತೇನೆ. ಕುದಿದ ನೀರಿಗೆ ಥರ್ಮಾಮೀಟರ್ ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ಗೆರೆ ನೋಡಿ, ಶಾಖ ಎಷ್ಟು ಇಳಿಯಬೇಕೋ ಅಷ್ಟು ಇಳಿದ ಮೇಲೆಯೇ ಹೊಯ್ಯುವುದು. ನನ್ನ ಹೆಂಡತಿ ಸರೋಜ ಮತ್ತು ನಮ್ಮವ್ವ ಆ ಕಾಫಿಯನ್ನು ಇಪ್ಪತ್ತು ವರ್ಷ ತಕರಾರಿಲ್ಲದೆ ಕುಡಿದಿದ್ದಾರೆ. ಅವರ ಮೌನವನ್ನು ನಾನು ಮೆಚ್ಚುಗೆ ಎಂದೇ ತಿಳಿದಿದ್ದೆ.

ಮಾದೇಶ ನನ್ನ ನಾದಿನಿ ರತ್ನಳ ಗಂಡ. ಅದಿಯಮಾನ್‌ಕೋಟೆಯಲ್ಲಿ ಸುಟ್ಟುಹೋದ ಮೋಟಾರುಗಳಿಗೆ ಹೊಸದಾಗಿ ತಂತಿ ಸುತ್ತಿಕೊಡುವ ಅಂಗಡಿ ಇಟ್ಟಿದ್ದಾನೆ. ಒಂದು ಭಾನುವಾರ ಬಂದವನು ಅಡುಗೆಮನೆ ಬಾಗಿಲಿಗೆ ಒರಗಿ ನನ್ನ ಪೂಜಾವಿಧಿಯನ್ನೆಲ್ಲ ನೋಡಿದ. "ಅಣ್ಣಾ, ಇನ್ನೊಂದು ಕಿತ ನಾನು ಆಕ್ಲಾ?" ಎಂದು ಕೇಳಿದ. ಆಗಲಿ, ಕಲಿಯಲಿ ಎಂದೆ. ಅವನು ತಕ್ಕಡಿ ಮುಟ್ಟಲಿಲ್ಲ. ಪುಡಿಯನ್ನು ಅಂದಾಜಿನಲ್ಲಿ ಸುರಿದು, ಮೋಟಾರಿನೊಳಗೆ ತಂತಿ ಒತ್ತುವ ಹಾಗೆ ಹೆಬ್ಬೆರಳಿನಿಂದ ಒತ್ತಿ, ಸರೋಜಳ ಜೊತೆ ಯಾರದೋ ಮದುವೆಯ ಮಾತಾಡುತ್ತಲೇ ನೀರು ಹೊಯ್ದ. ಥರ್ಮಾಮೀಟರ್ ಇಡುವುದಕ್ಕೆಂದು ನಾನು ಕೈ ಚಾಚುವಷ್ಟರಲ್ಲಿ ಮುಚ್ಚಳ ಬಿದ್ದಿತ್ತು.

ಆ ಕಾಫಿಯನ್ನು ನಮ್ಮವ್ವ ಒಂದು ಗುಟುಕು ಕುಡಿದಳು. ಆಮೇಲೆ ಪೂರ್ತಿ ಕುಡಿದು ಲೋಟ ಮುಂದೆ ಚಾಚಿ, "ಇನ್ನೊಂಚೂರು ಉಯ್ಯಪ್ಪ" ಅಂದಳು. ಇಪ್ಪತ್ತು ವರ್ಷದಲ್ಲಿ ನನ್ನ ಮುಂದೆ ಆ ಲೋಟ ಎರಡನೆಯ ಸಲ ಬಂದದ್ದಿಲ್ಲ. ನಾನೂ ಕುಡಿದು ನೋಡಿದೆ. ಚೆನ್ನಾಗಿತ್ತು. ಚೆನ್ನಾಗಿರುವುದಕ್ಕೆ ಕಾರಣವೇ ಇರಲಿಲ್ಲ, ಆದರೂ ಚೆನ್ನಾಗಿತ್ತು. "ಪುಡಿ ಒಳ್ಳೇದು, ಅದಕ್ಕೆ" ಅಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಾನು ಮನುಷ್ಯನಾಗಿಯೇ ಉಳಿಯುತ್ತಿದ್ದೆ. ಧರ್ಮಪುರಿಯಲ್ಲಿ ಬಾಗಿಲು ಮುಚ್ಚಿದ ಒಂದು ಹಳೆಯ ಫೋಟೋ ಸ್ಟುಡಿಯೋ ಇದೆ. ಅದರ ಗಾಜಿನ ಬೀರುವಿನಲ್ಲಿ ಒಂದರ ಮೇಲೊಂದು ಎರಡು ಕಣ್ಣಿರುವ, ಹೊಟ್ಟೆಯ ಹತ್ತಿರ ಹಿಡಿದು ತಲೆ ಬಗ್ಗಿಸಿ ಮೇಲಿನಿಂದ ನೋಡುವ ಕ್ಯಾಮೆರಾ ಇತ್ತು. ಅದಕ್ಕಾಗಿ ಮೂರು ಸಲ ಹೋಗಿ ಬೇಡಿಕೊಂಡಿದ್ದೆ. ಮಾಲೀಕನ ಹೆಂಡತಿ, ವಯಸ್ಸಾದ ಹೆಂಗಸು, ಮೂರು ಸಲವೂ ಮಾರುವುದಿಲ್ಲ ಎಂದು ಕೈಮುಗಿದು ಕಳಿಸಿದ್ದಳು. ಆಕೆಯ ನೀರಿನ ಮೋಟಾರು ಕೆಟ್ಟಿತು. ರಿಪೇರಿಗೆ ಹೋದ ಮಾದೇಶ ಬೀರು ನೋಡಿ, "ಇದು ಎನ್ನಾ ಪಾಟೀ?" ಎಂದು ತಮಿಳಿನಲ್ಲಿ ಅಜ್ಜಿಯನ್ನು ಸುಮ್ಮನೆ ಕೇಳಿದನಂತೆ. ಆಕೆ ಬೀರು ತೆಗೆದು ಅವನ ಕೈಗೇ ಕೊಟ್ಟುಬಿಟ್ಟಳಂತೆ.

ಅದನ್ನವನು ಟವೆಲಿನಲ್ಲಿ ಸುತ್ತಿ ನಮ್ಮ ಮನೆಗೆ ತಂದ. "ಅಣ್ಣಾ, ಇದು ಓಡುತ್ತಾ ನೋಡಿ" ಅಂದ. ಕೈಗೆ ತೆಗೆದುಕೊಂಡೆ. ಶಟರ್ ಒತ್ತಿದರೆ ಚಿಟಿಕೆ ಹೊಡೆದಷ್ಟು ಮೆತ್ತನೆಯ ಸದ್ದು. ನನ್ನ ಮುಖ ನೋಡಿ ಮಾದೇಶ, "ನಿಮಗೆ ಬೇಕಾ ಅಣ್ಣಾ? ಮಡೀಕಳಿ" ಅಂದ. ಎಂಥ ಮನಸ್ಸು! ನನ್ನ ಬಾಯಿಂದ ಬಂದದ್ದು ಇದು: "ಬ್ಯಾಡ ಬ್ಯಾಡ. ನನ್ನತ್ರ ಬೇಕಾದಷ್ಟು ಐತೆ." ಹೇಳಿ ಮುಗಿಯುವಷ್ಟರಲ್ಲಿ ಅವನು ಅದನ್ನು ಮತ್ತೆ ಟವೆಲಿನಲ್ಲಿ ಸುತ್ತಿ ಆಗಿತ್ತು. ಇನ್ನೊಂದು ಮಾತು ಬಲವಂತ ಮಾಡುತ್ತಾನೆಂದು ಕಾದೆ. ಮಾಡಲಿಲ್ಲ. ನಾನೇ ಒಂದು ರೀಲು ಕೊಟ್ಟು, ಹಾಕುವುದನ್ನೂ ಹೇಳಿಕೊಟ್ಟೆ.

ಇಲ್ಲಿ ನಮ್ಮವ್ವನ ಬಗ್ಗೆ ಒಂದು ಮಾತು ಹೇಳಬೇಕು. ಕುರಿ ಹಿಂದೆ ನಡೆದು ಬೆಳೆದವಳು, ಈಗ ಎಂಬತ್ತು ದಾಟಿದ್ದಾಳೆ. ಅವಳದೊಂದು ಒಳ್ಳೆಯ ಫೋಟೋ ತೆಗೆಯಬೇಕೆಂದು ಎಷ್ಟೋ ವರ್ಷದಿಂದ ಒದ್ದಾಡಿದ್ದೇನೆ. ಕುರ್ಚಿ ಹಾಕಿ, ಬೆಳಕು ಅಳೆದು, ಸೆರಗು ಸರಿಮಾಡಿಸಿ, "ಅವ್ವಾ, ನಗು" ಅನ್ನುವಷ್ಟರಲ್ಲಿ ಅವಳ ಮುಖ ಜಮೀನು ಅಳೆಯಲು ಬಂದ ಅಧಿಕಾರಿಯನ್ನು ಕಂಡಂತೆ ಆಗಿಬಿಡುತ್ತದೆ. ಎಲ್ಲ ರೀಲುಗಳಲ್ಲೂ ಅದೇ ಮುಖ.

ಮುಂದಿನ ಭಾನುವಾರ ಯಾವುದೋ ಲಾರಿ ದಾರಿಯಲ್ಲಿ ಕೆಟ್ಟು ನಾನು ಆಫೀಸಿಗೆ ಹೋಗಬೇಕಾಯಿತು. ಸಂಜೆ ಬಂದರೆ ನಮ್ಮವ್ವ ಜಗಲಿಯಲ್ಲಿ ಬಹಳ ಖುಷಿಯಲ್ಲಿ ಕೂತಿದ್ದಳು. "ಮಾದೇಸ ಬಂದಿದ್ದ ಕಣ್ಲಾ. ಕಾಪಿ ಆಕ್ಕೊಟ್ಟ. ನನ್ನ ಪೋಟನೂ ಇಡುದ." ಮೇಜಿನ ಮೇಲೆ ಮುಗಿದ ರೀಲು ಇತ್ತು. ಸರೋಜ, "ತೊಳ್ದು ಕೊಡ್ಬೇಕಂತೆ. ನಿಮ್ಮಂಗೆ ಯಾರೂ ತೊಳೆಯಕಿಲ್ಲ ಅಂದ" ಎಂದಳು.

ಫಿಲ್ಮ್ ತೊಳೆಯುವ ಔಷಧ ಮುಗಿದಿತ್ತು. ತರಿಸಲು ಒಂದು ವಾರ ಬೇಕು. ಕಾಫಿಪುಡಿ, ಬಟ್ಟೆ ಒಗೆಯುವ ಸೋಡಾ, ವಿಟಮಿನ್ ಸಿ ಮಾತ್ರೆಯ ಪುಡಿ ಸೇರಿಸಿದ ನೀರಿನಲ್ಲೂ ಫಿಲ್ಮ್ ತೊಳೆಯಬಹುದೆಂದು ಎಲ್ಲೋ ಓದಿದ್ದೆ. ಚಿತ್ರ ಬರಬಹುದು, ಕೆಡಲೂಬಹುದು. ನನ್ನ ಸ್ವಂತ ರೀಲಿನ ಮೇಲೆ ಅದನ್ನು ಮಾಡಿ ನೋಡಲು ಎರಡು ವರ್ಷದಿಂದ ಧೈರ್ಯ ಬಂದಿರಲಿಲ್ಲ. ಮಾದೇಶನ ರೀಲು ಕೈಗೆ ಬಂದ ಕೂಡಲೇ ಬಂತು. ಹೊಸದನ್ನು ಕಲಿಯುವ ಆಸೆ, ಅಷ್ಟೇ, ಎಂದು ನನಗೆ ನಾನೇ ಹೇಳಿಕೊಂಡೆ.

ಈ ಕೆಲಸಕ್ಕೆ ಬೇಕಾದದ್ದು ನೀರಿಗೆ ಹಾಕಿದರೆ ಕರಗುವ ಪಾಕೀಟಿನ ಕಾಫಿಪುಡಿ. ಆ ಪುಡಿ ಕುಡಿಯುವವರ ಮನೆಗೆ ನಾನು ಬೇಕೆಂತಲೇ ಕಾಫಿ ಹೊತ್ತು ತಪ್ಪಿಸಿ ಹೋಗುತ್ತಿದ್ದವನು. ಗುರುತಿಲ್ಲದ ಅಂಗಡಿಯಲ್ಲಿ ಹತ್ತು ಪಾಕೀಟು ಕೊಂಡು ಅಂಗಿಯೊಳಗೆ ಇಟ್ಟುಕೊಂಡು ಬಂದೆ. ಸರೋಜ ಹಿಡಿದೇಬಿಟ್ಟಳು. ಪಾಕೀಟುಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟು, ಸಾರಾಯಿ ಬಾಟ್ಲಿ ಸಿಕ್ಕವಳಂತೆ ಮೆಲುದನಿಯಲ್ಲಿ ಕೇಳಿದಳು: "ಯಾವತ್ತಿಂದ ನಡೀತಾ ಐತೆ ಇದು?"

ಮಧ್ಯಾಹ್ನ ಬಚ್ಚಲುಮನೆಯ ಕಿಟಕಿಗೆ ಕಂಬಳಿ ತುರುಕಿ, ಕತ್ತಲೆಯಲ್ಲಿ ರೀಲನ್ನು ಬೆಳಕು ನುಗ್ಗದ ಡಬ್ಬಿಗೆ ಸೇರಿಸಿದೆ. ಲೈಟು ಹಾಕಿ ಕಾಫಿನೀರು ಹೊಯ್ದೆ. ಕೊಳೆತ ಮೀನಿಗೆ ಸಕ್ಕರೆ ಹಾಕಿ ಕುದಿಸಿದಂಥ ವಾಸನೆ. ಡಬ್ಬಿಯನ್ನು ತಿರುವಿ ತಿರುವಿ ಇಡುತ್ತ ಬಕೆಟ್ ಮಗುಚಿ ಕೂತೆ. ಕೂತ ಮೇಲೆ ತಲೆ ಓಡಿತು. ಒಳಗಿರುವುದು ಮಾದೇಶನ ರೀಲು ನಿಜ, ಅದರಲ್ಲಿರುವುದು ನಮ್ಮವ್ವ. ಎಂಬತ್ತು ವರ್ಷದಲ್ಲಿ ಮೊದಲ ಸಲ ಅವಳು ಖುಷಿಪಟ್ಟ ಫೋಟೋ. ಕೆಟ್ಟರೆ ಅವಳಿಗೆ ಏನು ಹೇಳಲಿ? ತೆಗೆದು ನೋಡುವ ಹಾಗಿಲ್ಲ. ಮಾದೇಶನ ಫೋಟೋ ಚೆನ್ನಾಗಿ ಬರಲಪ್ಪಾ ಎಂದು ದೇವರನ್ನು ಬೇಡಿಕೊಂಡೆ. ತಡೆಯಲಾರದೆ, ತೀರಾ ಚೆನ್ನಾಗಿಯೂ ಬೇಡ ಎಂದು ಸೇರಿಸಿದೆ.

ಫಿಲ್ಮ್ ಒಣಗಿದ ಮೇಲೆ ಬೆಳಕಿಗೆ ಹಿಡಿದೆ. ಹನ್ನೆರಡು ಚಿತ್ರ. ಮೊದಲನೆಯದು ಅವನ ಚಪ್ಪಲಿ. ಎರಡನೆಯದು ರತ್ನಳ ಅರ್ಧ ಮುಖ. ಆಮೇಲೆ ಒಂದು ಮೋಟಾರು, ಮತ್ತೆ ಚಪ್ಪಲಿ. ಸತ್ಯ ಹೇಳಬೇಕೆಂದರೆ ಮನಸ್ಸು ಹಗುರವಾಯಿತು. ಒಂಬತ್ತನೆಯದರಲ್ಲಿ ನಮ್ಮವ್ವ ಇದ್ದಳು. ಫೋನಿನಲ್ಲಿ ಕಪ್ಪುಬಿಳುಪು ಅದಲುಬದಲು ಮಾಡಿ ನೋಡಿದೆ. ಹಲ್ಲಿಲ್ಲದ ಬಾಯಿ ತುಂಬ ನಗುತ್ತಿದ್ದಾಳೆ. ಒಂದು ಕಣ್ಣು ಮುಚ್ಚಿ, ಚಮಚವೊಂದನ್ನು ಇನ್ನೊಂದು ಕಣ್ಣಿನ ಮುಂದೆ ಎತ್ತಿ ಹಿಡಿದಿದ್ದಾಳೆ. ಅಂಥ ಚಿತ್ರ ನಾನು ನನ್ನ ಜನ್ಮದಲ್ಲಿ ತೆಗೆದಿಲ್ಲ. ಅಲ್ಲೇ ನಿಂತು ಬಹಳ ಹೊತ್ತು ನೋಡಿದೆ.

ಅವ್ವನಿಗೆ ತೋರಿಸಿ, "ಚಮಚ ಯಾಕವ್ವ?" ಎಂದು ಕೇಳಿದೆ.

"ಅದಾ?" ಎಂದು ಮತ್ತೆ ನಕ್ಕಳು. "ಅಣ್ಣ ಕಾಪಿ ಎಂಗೆ ಆಕ್ತಾರೆ ತೋರ್ಸವ್ವಾ ಅಂದ. ನೀನು ಕಡ್ಡಿ ಇಟ್ಕಂಡು ಒಕ್ಕಣ್ಣಲ್ಲಿ ನೋಡ್ತೀಯಲ್ಲ, ಅಂಗೆ ಮಾಡಿ ತೋರ್ಸ್ದೆ. ಅವ್ನು ತಲೆ ಬಗ್ಗಿಸ್ಕಂಡು ನಿಂತಿದ್ದ. ಪೋಟ ಇಡೀತಾವ್ನೆ ಅಂತ ಗೊತ್ತೇ ಆಗ್ಲಿಲ್ಲ, ಆಮೇಲೆ ಏಳುದ."

"ನಾನು ಇಡಿಯೋವಾಗ ಯಾಕೆ ನಗಾಕಿಲ್ಲ?"

"ಬಯ ಆಯ್ತದೆ ಕಣಪ್ಪ. ಆಪರೇಸನ್ ಮಾಡೋ ಡಾಕ್ಟ್ರು ತರ ನಿಂತಿರ್ತೀಯ."

ಸೇಲಂನಲ್ಲಿ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಹಜಾರದಲ್ಲಿ ನಾನೇ ಮೊಳೆ ಹೊಡೆದು ನೇತುಹಾಕಿದೆ. ಬಂದವರೆಲ್ಲ ನಿಂತು ನೋಡಿ, ತೆಗೆದವರು ಯಾರು ಎಂದು ಕೇಳುತ್ತಾರೆ. ತೊಳೆದವರು ಯಾರು ಎಂದು ಇದುವರೆಗೆ ಯಾರೂ ಕೇಳಿಲ್ಲ. ಆ ಮಾತು ಎತ್ತಿದವನು ಮಾದೇಶ ಒಬ್ಬನೇ. ಫೋಟೋ ಮುಂದೆ ನಿಂತು, "ಅಣ್ಣಾ, ನೀವು ತೊಳ್ದಿದ್ಕೇ ಇಂಗೆ ಬಂದೈತೆ. ಇಲ್ಲಾಂದ್ರೆ ನಂದು ಬರೀ ಚಪ್ಪಲಿ" ಅಂದ. ಇಷ್ಟು ಒಳ್ಳೆಯವನ ಮೇಲೆ ಹೊಟ್ಟೆಕಿಚ್ಚು ಪಡುವುದು ಸುಲಭದ ಕೆಲಸವಲ್ಲ. ಆದರೂ ನಾನು ಕೈಬಿಡಲಿಲ್ಲ.

ಹೊರಡುವ ಮುಂಚೆ ಅವನು, ಕಾಫಿಯಲ್ಲಿ ಫಿಲ್ಮ್ ತೊಳೆಯುವುದನ್ನು ತಾನೂ ಕಲಿಯಬೇಕೆಂದ. ಅಳತೆಗಳನ್ನೆಲ್ಲ ಚೀಟಿಯಲ್ಲಿ ಬರೆದುಕೊಟ್ಟೆ. "ಎಷ್ಟು ನಿಮಿಷ ಇಡ್ಬೇಕಣ್ಣಾ?" ಎಂದು ಕೇಳಿದ. ಹದಿನೈದು ಎನ್ನಬೇಕಿತ್ತು. ಬಾಯಿ ಹನ್ನೆರಡು ಅಂದಿತು. ಸರೋಜ ಅವನನ್ನು ಬಸ್ಸು ಹತ್ತಿಸಿ ಬಂದಳು. ಅರ್ಧ ಗಂಟೆ ಹೊರಗೂ ಒಳಗೂ ಓಡಾಡಿದೆ. ಕೊನೆಗೆ ತಡೆಯಲಾರದೆ ಫೋನ್ ಮಾಡಿದೆ. "ಮಾದೇಶಾ, ಬಾಯಿ ತಪ್ಪಿ ಏಳ್ಬಿಟ್ಟೆ. ಹನ್ನೆರಡಲ್ಲ, ಹದಿನೈದು."

"ಪರವಾಯಿಲ್ಲಣ್ಣಾ, ಗೊತ್ತು," ಅಂದ ಬಸ್ಸಿನ ಗದ್ದಲದಲ್ಲಿ. "ಆವತ್ತು ನೀವು ಬಚ್ಚಲಲ್ಲಿ ಇದ್ದಾಗ ಅಕ್ಕ ಒರಗೆ ಗಡಿಯಾರ ನೋಡ್ತಿದ್ರಂತೆ. ನಮ್ಮೋರು ಕಮ್ಮಿ ಏಳವ್ರೆ, ಮೂರು ನಿಮಿಷ ಸೇರಿಸ್ಕೋ ಅಂತ ಬಸ್ ಸ್ಟಾಪಲ್ಲೇ ಏಳುದ್ರು."