ಕಾಕಾನ ನೂರು ಫೋಟೊ

ನಮ್ಮ ಕಾಕಾ ಇಡೀ ಬೀದರಿಗೇ ದೊಡ್ಡ ಫೋಟೊಗ್ರಾಫರ್. ಹಾಗೆ ಹೇಳುವವರು ಜಿಲ್ಲೆಯಲ್ಲಿ ಒಬ್ಬರೇ ಇದ್ದಾರೆ. ಅವರು ಸ್ವತಃ ಕಾಕಾ!

ವಾರವೆಲ್ಲ ಬೀದರ ಪಕ್ಕದ ಕೊಳಾರದ ಒಂದು ಗೋದಾಮಿನಲ್ಲಿ ಚೀಲಗಳನ್ನು ಕಾಯುವ ಈ ಮನುಷ್ಯ ಐವತ್ತು ದಾಟಿದ ಮೇಲೆ ಕ್ಯಾಮೆರಾ ಕೊಂಡರು. ಕೊಂಡವರು ಹೂವು, ಹಕ್ಕಿ ಎಂದು ಫೋಟೊ ತೆಗೆಯುತ್ತ ಇದ್ದಿದ್ದರೆ ಯಾರಿಗೇನು ತೊಂದರೆ? ಮೊಬೈಲಿನಲ್ಲಿ ಯಾರೋ ಹೇಳಿಕೊಟ್ಟ ಅಭ್ಯಾಸಗಳ ಬೆನ್ನು ಹತ್ತಿದರು. ಮೊದಲ ಪಾಠ: ಒಂದೇ ವಸ್ತುವಿನ ನೂರು ಫೋಟೊ ತೆಗೆಯಬೇಕು, ಒಂದರಂತೆ ಇನ್ನೊಂದು ಇರಕೂಡದು. ಕಾಕಾ ಆರಿಸಿಕೊಂಡದ್ದು ಮನೆಯಲ್ಲಿದ್ದ ಒಂದೇ ಒಂದು ಹಿತ್ತಾಳೆ ತಂಬಿಗೆ. ನಲವತ್ತನೇ ಫೋಟೊದ ಹೊತ್ತಿಗೆ ಕಾಕಿ ಬಂದು ಬಾಗಿಲಲ್ಲಿ ನಿಂತಳು.

“ಏನ್ರಿ, ಆ ತಂಬಗಿ ಕೊಡ್ತೀರೋ, ನಾ ಕಮಲನಗರಕ್ಕ ತವರಮನಿಗಿ ಹೋಗ್ಲೋ?”

“ಹೋಗು. ಮೊದಲ ಬಾಗಲದಾಗಿಂದ ಸರಿ, ಬೆಳಕ ಬರಲಿ!”

ಎರಡನೆಯ ಪಾಠ ಔರಾದಿನಲ್ಲಿ, ನೆಂಟರ ಮದುವೆಯಲ್ಲಿ ನಡೆಯಿತು. ಆ ದಿನ ಮೊಣಕಾಲಿನ ಎತ್ತರದಿಂದ ಮಾತ್ರ ತೆಗೆಯಬೇಕಂತೆ. ಕಾಕಾ ಮದುವೆ ಮುಗಿಯುವ ತನಕ ಕುಕ್ಕರುಗಾಲಿನಲ್ಲೇ ತೆವಳಿದರು.

“ನನ್ನ ಮಗಳ ಮಾರಿ ಎಲ್ಲಿ ಅದರಿ ಇದರಾಗ?” ಎಂದು ಹುಡುಗಿಯ ಅಪ್ಪ ಕೇಳಿದ.

“ಮಾರಿ ಎಲ್ಲಾರೂ ತಗೀತಾರ್ರಿ. ಕಾಲುಂಗರ ಹಾಕೊಳ್ವಾಗ ಆಕಿ ಬೆರಳು ಹ್ಯಾಂಗ ಹೆದರ್ಯಾವ, ಅದು ನೋಡ್ರಿ!”

ಆ ನೆಂಟರು ಆಮೇಲೆ ನಮ್ಮ ಮನೆಯ ಸಾವಿಗೂ ಬರಲಿಲ್ಲ.

ಸತ್ತದ್ದು ನನ್ನ ಅಪ್ಪ, ಕಾಕಾನ ಅಣ್ಣ. ಭಾಲ್ಕಿಯ ಸಂತೆಯಲ್ಲಿ ಎತ್ತಿನ ದಲಾಲಿ ಮಾಡುತ್ತ, ಕೊಳ್ಳುವವನನ್ನೂ ಮಾರುವವನನ್ನೂ ಒಟ್ಟಿಗೇ ನಗಿಸುತ್ತಿದ್ದವನು. ಲಕ್ವಾ ಹೊಡೆದು ಬಾಯಿ ಒಂದು ಕಡೆ ಎಳೆದುಕೊಂಡಿತು. ಮಾತು ಜೊಲ್ಲಾಗಿ ಇಳಿಯತೊಡಗಿತು. ನೋಡಲು ಯಾರೇ ಬರಲಿ, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದ. ಸಂತೆಯ ಗೆಳೆಯರು ಬೆನ್ನಿಗೇ ನಮಸ್ಕಾರ ಹೇಳಿ ಎದ್ದುಹೋದರು. ಮಗಳಾದ ನನ್ನ ಕೈಯಲ್ಲಿ ಉಣ್ಣುವಾಗಲೂ ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದ.

ಅಂಥ ಮನೆಗೆ ಕಾಕಾ ಪ್ರತಿ ಭಾನುವಾರ ಬೀದರಿನಿಂದ ಬಸ್ಸು ಹತ್ತಿ ಬರತೊಡಗಿದರು, ಕ್ಯಾಮೆರಾ ಸಮೇತ! ಮೊದಲ ವಾರ ಅಣ್ಣ ತಮ್ಮ ಬಾಗಿಲು ಹಾಕಿಕೊಂಡು ಏನೋ ಮಾತಾಡಿದರು. ಆಮೇಲೆ ಶುರುವಾಯಿತು ಅಭ್ಯಾಸ. ಕಿಟಕಿಯ ಬೆಳಕಿನಲ್ಲಿ, ಮಂಚದ ಕಾಲಿನಿಂದ, ಸ್ಟೂಲ್ ಮೇಲಿಂದ, ನೂರು ಫೋಟೊ. ನನಗೆ ಮೈಯೆಲ್ಲ ಉರಿಯಿತು.

“ಕಾಕಾ, ನಮ್ಮಪ್ಪ ಅಂದ್ರ ನಿಮಗ ತಂಬಗಿ ಏನ್ರಿ?”

“ಛೇ! ತಂಬಗಿ ಇಷ್ಟು ನಖರಾ ಮಾಡ್ತಿರ್ಲಿಲ್ಲ.”

ಗೋಡೆಗೆ ಮುಖ ಮಾಡಿದ್ದ ಅಪ್ಪ ಗೊರಗೊರ ಸದ್ದು ಮಾಡುತ್ತ ಇತ್ತ ಹೊರಳಿದ. ಅವನು ನಗುತ್ತಿದ್ದಾನೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಎಂಟು ತಿಂಗಳು ಹೀಗೇ ನಡೆಯಿತು. ಚಳಿಗಾಲದಲ್ಲಿ ಅಪ್ಪ ತೀರಿಕೊಂಡ. ಹಾರ ಹಾಕಲು ಒಂದು ಫೋಟೊ ಬೇಕಾಗಿತ್ತು.

“ನಿಮ್ಮ ಹತ್ರ ಸಾವಿರ ಅದಾವಲ್ಲ ಕಾಕಾ. ಛಲೋದು ಒಂದು ಕೊಡ್ರಿ.”

ಕಾಕಾ ತಲೆ ತಗ್ಗಿಸಿದರು. “ಒಂದೂ ಇಲ್ಲವ್ವಾ.”

“ಏನಂದ್ರಿ?”

“ಮೊದಲನೇ ದಿನಾನೇ ಅಣ್ಣ ಆಣೆ ಮಾಡಿಸಿಕೊಂಡಿದ್ದ. ಬೇಕಾದಷ್ಟು ತಗಿ, ಈ ಸೊಟ್ಟ ಮಾರಿ ಮಾತ್ರ ಉಳಸಬ್ಯಾಡ ಅಂದ. ಬಸ್ ಸ್ಟ್ಯಾಂಡಿನಾಗ ಕುಂತು ಎಲ್ಲಾ ಅಳಿಸಿನೇ ಬಸ್ ಹತ್ತತಿದ್ದೆ.”

ತಂಬಿಗೆಯ ಫೋಟೊಗಳಲ್ಲೂ ಒಂದನ್ನೂ ಅಳಿಸದೆ ಇಟ್ಟುಕೊಂಡಿರುವ ಮನುಷ್ಯ! ಕೊನೆಗೆ ಮತದಾರರ ಗುರುತಿನ ಚೀಟಿಯಲ್ಲಿದ್ದ ಮುಖವನ್ನೇ ದೊಡ್ಡದು ಮಾಡಿಸಿದೆವು. ಅದರಲ್ಲಿ ಅಪ್ಪ ಈಗಷ್ಟೇ ಸಿಕ್ಕಿಬಿದ್ದ ಎತ್ತಿನ ಕಳ್ಳನಂತೆ ಕಾಣುತ್ತಾನೆ.

ದಿನಕರ್ಮ ಮುಗಿದ ಮೇಲೆ ಕಾಕಾನನ್ನು ಕೇಳಿದೆ: “ಅಳಿಸೋದೇ ಇತ್ತಂದ್ರ, ಯಾಕ ಅಷ್ಟು ತಗೀತಿದ್ರಿ?”

ಕಾಕಾ ಕ್ಯಾಮೆರಾವನ್ನು ತೊಡೆಯ ಮೇಲೆ ಇಟ್ಟುಕೊಂಡರು.

“ಬರೇ ಕಣ್ಣಿಲೆ ನೋಡಿದ್ರ ಅಣ್ಣ ಮಾರಿ ತಿರುಗಿಸ್ತಿದ್ದ. ಕ್ಯಾಮೆರಾ ಹಿಡಿದ್ರ ನೋಡಗೊಡ್ತಿದ್ದ. ಅವನ ಕಿವಿ ಹಿಂದ ಸಣ್ಣದೊಂದು ಮಚ್ಚಿ ಇತ್ತು. ನಿನಗ ಗೊತ್ತಿತ್ತೇನವ್ವಾ?”

ಗೊತ್ತಿರಲಿಲ್ಲ. ಎಂಟು ತಿಂಗಳು ದಿನಾ ಆ ಮುಖ ಒರೆಸಿದವಳು ನಾನು.

“ಯಾವ ಕಿವಿರಿ?” ಎಂದೆ.

ಕಾಕಾ ನನ್ನ ಎಡಗಿವಿಯನ್ನು ಮೆಲ್ಲಗೆ ಮಡಿಸಿ, ಅದರ ಹಿಂದೆ ಬೆರಳಿಟ್ಟು ತೋರಿಸಿದರು.