ಮುದ್ದೆಗೇ ಏಳಬೇಕಿತ್ತು

ಎಲ್ಲಿಗಾದರೂ ಹೋಗಿ ಕೂರುವುದು ಸುಲಭ, ಅಲ್ಲಿಂದ ಎದ್ದು ಬರುವುದು ಕಷ್ಟ. ಉದ್ದದ ಭಾಷಣದಿಂದ, ಕಾಫಿ ಮುಗಿದ ಮೇಲೂ ಮುಗಿಯದ ನೆಂಟರ ಮನೆಯ ಮಾತಿನಿಂದ, ಸರಿಯಾದ ಹೊತ್ತಿಗೆ ಎದ್ದು ಬರುವ ಕಲೆ ಎಪ್ಪತ್ತು ದಾಟಿದರೂ ನನಗೆ ಒಲಿದಿಲ್ಲ. ಇದಕ್ಕೆ ನನ್ನನ್ನು ಬೆಳೆಸಿದವರನ್ನೇ ದೂರಬೇಕು. ನಮ್ಮಪ್ಪ ಕೆ.ಆರ್. ನಗರದಲ್ಲಿ ಅಕ್ಕಿ ಗಿರಣಿ ಇಟ್ಟಿದ್ದವರು. ಮಗಳು ಇಂಗ್ಲಿಷ್ ಕಲಿಯಲಿ ಅಂತ ಮೈಸೂರಿನ ಕಾನ್ವೆಂಟಿನ ಬೋರ್ಡಿಂಗಿಗೆ ಬಿಟ್ಟರು. ಅಲ್ಲಿ ಊಟದ ಮಧ್ಯೆ ಏಳಬೇಕಾದರೆ "ಮೇ ಐ ಬಿ ಎಕ್ಸ್‌ಕ್ಯೂಸ್ಡ್, ಸಿಸ್ಟರ್?" ಅಂತ ಕೇಳಬೇಕು, ಸಿಸ್ಟರ್ ಕಣ್ಣಲ್ಲೇ ನೋ ಅನ್ನಬೇಕು, ನಾವು ಕೂತೇ ಇರಬೇಕು. ಆ ಉದ್ದನೆಯ ಮೇಜು, ಸೂಪಿನಲ್ಲಿ ಒಂಟಿಯಾಗಿ ತೇಲುತ್ತಿದ್ದ ಕ್ಯಾರೆಟ್ಟಿನ ಚೂರು, ಕಿಟಕಿಯಾಚೆ ಹೂವುದುರಿಸುತ್ತಿದ್ದ ಆಕಾಶಮಲ್ಲಿಗೆ ಮರ, ಎಲ್ಲ ಈಗಲೂ ಕಣ್ಣಿಗೆ ಕಟ್ಟುತ್ತವೆ. ಆ ಮೇಜಿನ ಸುತ್ತ ಕೂತಿದ್ದ ಹುಡುಗಿಯರಲ್ಲಿ ಎಷ್ಟು ಜನ ಇದ್ದಾರೋ ಗೊತ್ತಿಲ್ಲ. ಆಮೇಲೆ ಮದುವೆಯಾಗಿ ಗಾವಡಗೆರೆಯ ಹೊಗೆಸೊಪ್ಪು ಬೆಳೆಯುವ ಮನೆಗೆ ಬಂದೆ. ಪಕ್ಕದವರು ಉಣ್ಣುತ್ತಿರುವಾಗ ಎಲೆ ಬಿಟ್ಟು ಎದ್ದರೆ ಉಣ್ಣುವವರಿಗೆ ಅವಮಾನ, ಇಕ್ಕಿದವರಿಗೆ ಇನ್ನೂ ಅವಮಾನ ಅಂತ ನಮ್ಮತ್ತೆ ಬಂದ ವಾರದಲ್ಲೇ ಕಲಿಸಿಕೊಟ್ಟರು. ಕಾನ್ವೆಂಟಿನ ಸಿಸ್ಟರಿಗೂ ಗಾವಡಗೆರೆಯ ನಮ್ಮತ್ತೆಗೂ ಜಗತ್ತಿನ ಬೇರೆ ಯಾವ ವಿಷಯದಲ್ಲೂ ಒಮ್ಮತ ಸಾಧ್ಯವಿರಲಿಲ್ಲ. ಇದೊಂದರಲ್ಲಿ ಇತ್ತು. ಆ ಒಮ್ಮತವೇ ಹೋದ ವರ್ಷ ನನ್ನ ಪ್ರಾಣಕ್ಕೆ ಬಂತು.

ನನ್ನ ಹೃದಯಕ್ಕೆ ತಾಳ ತಪ್ಪುವ ಕಾಯಿಲೆ ಇದೆ. ಇದ್ದಕ್ಕಿದ್ದಂತೆ ಓಡುತ್ತದೆ, ನಿಲ್ಲುತ್ತದೆ, ಎರಡು ಹೆಜ್ಜೆ ಒಟ್ಟಿಗೆ ಹಾಕುತ್ತದೆ. ಮೊದಲ ಸಲ ಹೀಗಾದಾಗ, ಈಗ ನಾವಿರುವ ಹುಣಸೂರಿನ ಬೀದಿಗೆ ಬೀದಿಯೇ ಗಾಬರಿಯಾಗಿ ನನ್ನನ್ನು ಮೈಸೂರಿಗೆ ಹೊತ್ತುಕೊಂಡು ಹೋಯಿತು. ಈಸಿಜಿಯ ತಂತಿಗಳನ್ನು ಅಂಟಿಸಿದ್ದೇ ತಡ, ಇನ್‌ಸ್ಪೆಕ್ಟರ್ ಬಂದ ದಿನದ ಕಾನ್ವೆಂಟ್ ಹುಡುಗಿಯ ಹಾಗೆ ನನ್ನ ಹೃದಯ ಕೈಕಟ್ಟಿ ನೆಟ್ಟಗೆ ಕೂತುಬಿಟ್ಟಿತು. ಕಾಗದದ ಮೇಲೆ ಗೆರೆಗಳು ಮುತ್ತು ಪೋಣಿಸಿದ ಹಾಗೆ ಬಂದವು. ನನ್ನ ಜೊತೆಯಲ್ಲೇ ಇರುವ ನಾದಿನಿ ಚಿಕ್ಕತಾಯಿ ಅವತ್ತಿನಿಂದ ಬಂದವರಿಗೆಲ್ಲ ಹೇಳಿಕೊಂಡು ನಕ್ಕಳು: "ನಮ್ಮತ್ಗೆಮ್ಮನ ಎದೆ ಡಾಕುಟ್ರ ಕಂಡ್ರೆ ಎದ್ರ್‌ಕೊತದೆ ಕಣಿ." ಆದರೆ ಡಾಕ್ಟರು, ನನ್ನ ಮೊಮ್ಮಗಳ ವಯಸ್ಸಿನ ಹುಡುಗಿ, ನಗಲಿಲ್ಲ. ಬಂದದ್ದು ತಪ್ಪಲ್ಲ ಅಂದರು. ಆಮೇಲೆ ದಿನವಿಡೀ ಎದೆಗೆ ಕಟ್ಟಿಕೊಂಡಿರುವ ಒಂದು ಪುಟ್ಟ ಮಿಷನ್ ಕೊಟ್ಟು ಹೃದಯದ ಕಳ್ಳಾಟವನ್ನು ಹಿಡಿದರು, ಮಾತ್ರೆ ಬರೆದರು. ಕೊನೆಗೆ ನನ್ನ ಕೈಹಿಡಿದು ಒಂದು ಮಾತು ಹೇಳಿದರು: "ಅಜ್ಜಿ, ಎದೆ ಸ್ವಲ್ಪ ಹೊತ್ತು ಕುಣಿದು ತಾನೇ ನಿಂತರೆ ನನಗೆ ಫೋನ್ ಮಾಡಿ. ಆದರೆ ಕುಣಿತದ ಜೊತೆ ಉಸಿರು ಕಟ್ಟಿದರೆ, ಎದೆ ಹಿಡಿದರೆ, ತಲೆ ಸುತ್ತಿ ಕಣ್ಣು ಕತ್ತಲೆ ಬಂದರೆ ನನ್ನನ್ನೂ ಕೇಳಬೇಡಿ, ಯಾರನ್ನೂ ಕೇಳಬೇಡಿ. ಹತ್ತಿರದ ಆಸ್ಪತ್ರೆಗೆ ಹೊರಟುಬಿಡಿ." ಯಾರನ್ನೂ ಕೇಳದೆ ಏನಾದರೂ ಮಾಡುವ ಪರ್ಮಿಷನ್ ನನಗೆ ಜೀವನದಲ್ಲಿ ಸಿಕ್ಕಿದ್ದು ಅದೇ ಮೊದಲು. ಅದನ್ನು ಹೇಗೆ ಬಳಸುವುದು ಅಂತ ಮಾತ್ರ ಗೊತ್ತಿರಲಿಲ್ಲ.

ಹೀಗಿರುವಾಗ ಚಿಕ್ಕತಾಯಿಯ ಮೊಮ್ಮಗಳು ದಿವ್ಯಳ ಮದುವೆಯಾಯಿತು. ಮದುವೆಯ ಮಾರನೆಯ ವಾರ ಗಂಡಿನ ಕಡೆಯವರು ಪಿರಿಯಾಪಟ್ಟಣದ ಛತ್ರದಲ್ಲಿ ಬೀಗರೂಟ ಇಟ್ಟುಕೊಂಡರು. ನಮ್ಮ ಕಡೆ ಬೀಗರೂಟ ಅಂದರೆ ಹೆಸರಿಗೆ ಊಟ, ಒಳಗೊಳಗೆ ಪರೀಕ್ಷೆ. ಹೆಣ್ಣಿನ ಕಡೆಯವರು ಹೇಗೆ ಉಂಡರು, ಯಾರು ಮುಖ ಸಿಂಡರಿಸಿದರು, ಯಾರ ಎಲೆಗೆ ಮಾಂಸದ ಚೂರು ಬೀಳಲಿಲ್ಲ ಅನ್ನುವುದರ ಮೇಲೆ ಹುಡುಗಿಯ ಮುಂದಿನ ಹತ್ತು ವರ್ಷದ ಮಾತುಕತೆ ನಿಂತಿರುತ್ತದೆ. ಗಂಡಿನ ತಂದೆ ಸಣ್ಣೇಗೌಡರು ಬಲು ಸೂಕ್ಷ್ಮದ ಮನುಷ್ಯ ಅಂತ ಮೊದಲೇ ಕೇಳಿದ್ದೆವು. ನಮ್ಮ ಕಡೆಯಲ್ಲಿ ಹಿರಿಯಳು ನಾನೇ ಆದ್ದರಿಂದ ನನ್ನನ್ನು ಪಂಕ್ತಿಯ ನಟ್ಟನಡುವೆ ಕೂರಿಸಿದರು. ಹಿಂದೆ ಗೋಡೆ, ಮುಂದೆ ಮೇಜು, ಆ ಕಡೆ ಈ ಕಡೆ ಮೈಗೆ ಮೈ ತಾಗುವಂತೆ ಕುರ್ಚಿಗಳು. ಎಡಕ್ಕೆ ಚಿಕ್ಕತಾಯಿ, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಯುದ್ಧಕ್ಕೆ ಸಿದ್ಧ.

ಮುದ್ದೆ ಬಡಿಸುವಾಗ ಎದೆ ಕುಣಿಯಲು ಶುರುಮಾಡಿತು. ಕುಣಿದು ನಿಲ್ಲುತ್ತೆ ಬಿಡು ಅಂತ ಮುದ್ದೆ ಮುರಿದೆ. ಬೋಟಿ ಗೊಜ್ಜು ಬರುವ ಹೊತ್ತಿಗೆ ಅದು ಕುಣಿತ ಬಿಟ್ಟು ದೊಂಬರಾಟಕ್ಕೆ ಇಳಿದಿತ್ತು. ಚಾಪ್ಸಿನವನು ಬಂದಾಗ "ಸಾಕು" ಅನ್ನಲು ಬಾಯಿ ತೆರೆದರೆ ಅಷ್ಟು ಸಣ್ಣ ಮಾತಿಗೂ ಉಸಿರು ಸಾಲಲಿಲ್ಲ. ಮೌನವನ್ನು ಸಮ್ಮತಿ ಅಂದುಕೊಂಡು ಅವನು ಎರಡು ಸೌಟು ಹಾಕಿಹೋದ. ಓದುವ ನೀವು ಇಷ್ಟು ಹೊತ್ತಿಗೆ "ಏಳೇ ಮಾರಾಯ್ತಿ" ಅನ್ನುತ್ತಿದ್ದೀರಿ ಅಂತ ಗೊತ್ತು. ಆದರೆ ನೀವು ಆ ಪಂಕ್ತಿಯಲ್ಲಿ ಕೂತಿರಲಿಲ್ಲ. ಎದುರಿಗೆ ದಿವ್ಯ ಹೊಸ ಸೀರೆಯಲ್ಲಿ, ಹೊಸ ಅತ್ತೆಯ ಪಕ್ಕ ನಿಂತು, ನಮ್ಮ ಎಲೆಗಳನ್ನೇ ನೋಡುತ್ತಿದ್ದಳು. ನಾನು ಎದ್ದು, ಆಸ್ಪತ್ರೆಗೆ ಹೋಗಿ, ಅಲ್ಲಿ ಮತ್ತೆ ಮುತ್ತು ಪೋಣಿಸಿದ ಗೆರೆಗಳು ಬಂದರೆ? ಹುಡುಗಿಯ ದೊಡ್ಡಜ್ಜಿ ಬೀಗರ ಮನೆ ಊಟ ಬಿಟ್ಟು ನಾಟಕ ಮಾಡಿದಳು ಅನ್ನುವ ಮಾತನ್ನು ಆ ಮಗು ಬಾಣಂತನದವರೆಗೂ ಕೇಳಬೇಕಾಗುತ್ತದೆ. ಹೀಗೆಲ್ಲ ಲೆಕ್ಕ ಹಾಕುತ್ತಿರುವಾಗ ಅನ್ನ ಬಂತು. ಅನ್ನದ ಬಕೆಟ್ಟು ಎರಡಾಗಿ ಕಂಡಿತು. ಸಾರಿನವನ ಮುಖ ಅಂಚಿನಿಂದ ಕಪ್ಪಾಗುತ್ತಾ ಬಂತು.

ಆಗ ನನಗೆ ಬುದ್ಧಿ ಬಂತು ಅಂತ ಹೇಳಿದರೆ ಸುಳ್ಳಾಗುತ್ತದೆ. ಬಂದದ್ದು ಮರ್ಯಾದೆಯ ಯೋಚನೆಯೇ. ನಾನೊಬ್ಬಳು ಎದ್ದರೆ ಹಾಳಾಗುವುದು ಒಂದು ಎಲೆ. ಇಲ್ಲೇ ಸಾರಿನ ಮೇಲೆ ಮುಖವಿಟ್ಟು ಪ್ರಾಣ ಬಿಟ್ಟರೆ ಪಂಕ್ತಿಗೆ ಪಂಕ್ತಿಯೇ ಏಳಬೇಕು. ಬ್ಯಾಡ್ ಮ್ಯಾನರ್ಸ್ ಅಂದರೆ ಅದು. ಸಿಸ್ಟರೂ ಒಪ್ಪುತ್ತಾರೆ, ಅತ್ತೆಯೂ ಒಪ್ಪುತ್ತಾರೆ. ಅಲ್ಲಿಗೆ ತೀರ್ಮಾನವಾಯಿತು. ಚಿಕ್ಕತಾಯಿಯ ಭುಜ ಹಿಡಿದು ಎದ್ದೆ. ಎದ್ದವಳ ಬಾಯಲ್ಲಿ ಅರವತ್ತು ವರ್ಷದ ಹಿಂದಿನ ಮಾತು ತಾನಾಗಿ ಬಂತು: "ಎಕ್ಸ್‌ಕ್ಯೂಸ್ ಮಿ, ಪ್ಲೀಸ್."

ಇದು ದೊಡ್ಡ ಅನಾಹುತವಾಯಿತು. ನಾನು ಇಂಗ್ಲಿಷಿನಲ್ಲಿ ಪೂರ್ತಿ ವಾಕ್ಯ ಆಡುವುದು ಕೋಪ ಬಂದಾಗ ಮಾತ್ರ ಅಂತ ನಮ್ಮ ಬಳಗಕ್ಕೆಲ್ಲ ಗೊತ್ತು. ಬೀಗರಿಗೂ ಯಾರೋ ಮೊದಲೇ ಹೇಳಿಟ್ಟಿದ್ದರು. ಪಂಕ್ತಿಯುದ್ದಕ್ಕೂ ಕೈಗಳು ಎಲೆಯ ಮೇಲೇ ನಿಂತವು. ಸಣ್ಣೇಗೌಡರು ಟವೆಲ್ಲು ಹೆಗಲಿನಿಂದ ತೆಗೆದು ಓಡಿಬಂದರು. "ಯಾಕ್ರವ್ವ, ಏನ್ ತಪ್ಪಾಯ್ತು ನಮ್ಮಿಂದ?" ಅಂದವರು, ನಾನು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಬಡಿಸುವವರ ಕಡೆ ತಿರುಗಿ, "ಲೇ, ಅಮ್ಮಾರ್ ಎಲೆಗೆ ಚೂರ್ ಆಕಿಲ್ವೇನ್ರಲಾ?" ಅಂತ ಗದರಿದರು. ಚೂರಿನ ಬಕೆಟ್ಟುಗಳು ಎರಡೂ ಕಡೆಯಿಂದ ನನ್ನತ್ತ ಹೊರಟವು. ಸಾಯುವ ಹೊತ್ತಿನಲ್ಲಿ ಇಷ್ಟು ಮಾಂಸ ನನ್ನನ್ನು ಅಟ್ಟಿಸಿಕೊಂಡು ಬರುತ್ತದೆ ಅಂತ ಯಾವ ಜ್ಯೋತಿಷಿಯೂ ಹೇಳಿರಲಿಲ್ಲ.

"ಗೌಡ್ರೆ, ಕೋಪ ಇಲ್ಲ," ಅಂದೆ. "ಎದೆ ತಾಳ ತಪ್ಪಿದೆ, ಕಣ್ಣು ಕತ್ತಲೆ ಬರ್ತಿದೆ. ಆಂಬುಲೆನ್ಸ್ ಕರೆಸಿ."

ನನ್ನನ್ನು ಹೊರಗೆ ತಂದು ಬೆಂಚಿನ ಮೇಲೆ ಕೂರಿಸಿದರು. ನಮ್ಮ ಸೀಮೆಯಲ್ಲಿ ಸೊಂಟದಿಂದ ಗಂಟಲಿನವರೆಗೆ ಏನಾದರೂ ಅದಕ್ಕೆ ಗ್ಯಾಸು ಅಂತಲೇ ಹೆಸರು. ಆದ್ದರಿಂದ ಒಬ್ಬರು ಸೋಡಾ ಅಂದರು, ಒಬ್ಬರು ಓಂಕಾಳು ಅಂದರು, ಒಬ್ಬರು ಬೆನ್ನಿಗೆ ಗುದ್ದಿದರೆ ತೇಗು ಬಂದು ಸರಿಹೋಗುತ್ತದೆ ಅಂತ ಮುಷ್ಟಿ ಕಟ್ಟಿಕೊಂಡೇ ಬಂದರು. ಹುಣಸೂರಿಗೆ ಕರೆದುಕೊಂಡು ಹೋಗಿ ಮಲಗಿಸೋಣ, ಸಂಜೆ ನೋಡಿಕೊಂಡು ಮೈಸೂರಿಗೆ ಹೋಗೋಣ ಅನ್ನುವವರೂ ಇದ್ದರು. ನಾನು ಇದ್ದ ಉಸಿರನ್ನೆಲ್ಲ ಕೂಡಿಹಾಕಿ "ಹತ್ತಿರದ್ದು. ಈಗಲೇ" ಅಂತ ಮಾತ್ರ ಅಂದೆ, ಅನ್ನುತ್ತಲೇ ಇದ್ದೆ. ಒಬ್ಬರು ಫೋನ್ ಮಾಡಿದರು. ಚಿಕ್ಕತಾಯಿಯನ್ನು ಹುಡುಕಿದರೆ ಅವಳು ಪಕ್ಕದಲ್ಲೇ ನಿಂತಿದ್ದಳು, ಕೈ ಇನ್ನೂ ತೊಳೆದಿರಲಿಲ್ಲ. ಮುಟ್ಟದ ಚಾಪ್ಸು ಎಲೆಯಲ್ಲೇ ಬಿಟ್ಟು ಬಂದಿದ್ದಳು. ಅವಳನ್ನು ಬಲ್ಲವರಿಗೆ ಗೊತ್ತು, ಅವಳ ಗಂಡ ಕರೆದರೂ ಅವಳು ಹಾಗೆ ಎದ್ದವಳಲ್ಲ. ಆಂಬುಲೆನ್ಸಿನಲ್ಲಿ, ಇದೂ ಸುಳ್ಳಾದರೆ ದಿವ್ಯಳ ಗತಿ ಏನೇ ಅಂತ ಕೇಳಿದೆ. ನನ್ನ ಕಾಲು ಒತ್ತುತ್ತಾ ಅಂದಳು: "ಸುಳ್ಳಾದ್ರೆ ಆಗ್ಲಿ ಬುಡಿ ಅತ್ಗೆಮ್ಮ. ಸುಳ್ಳಾದ್ರೆ ಇನ್ನೊಂದ್ ಕಿತ ಬಂದು ಉಣ್ಣದು. ದಿಟ ಆಗಿ ನೀವು ಕುಂತೇ ಇದ್ದಿದ್ರೆ ನಾನ್ ಯಾರ್ ಕೂಟೆ ಜಗ್ಳ ಆಡ್ಲಿ?"

ಸುಳ್ಳಾಗಲಿಲ್ಲ. ಪಿರಿಯಾಪಟ್ಟಣದ ಆಸ್ಪತ್ರೆಯಲ್ಲಿ ಈಸಿಜಿಯ ಗೆರೆ ಈ ಸಲ ಕೋಳಿ ಕೆದರಿದ ಹಾಗೆ ಬಂತು. ಇಂಜೆಕ್ಷನ್ನು, ಆಕ್ಸಿಜನ್ನು ಕೊಟ್ಟು, ಅಲ್ಲಿಂದ ಮೈಸೂರಿಗೆ ಕಳಿಸಿದರು. ಅಲ್ಲಿ ನನ್ನ ಡಾಕ್ಟರ್ ಹುಡುಗಿ ತಾಳ ಸರಿಮಾಡಿ, ಎಲ್ಲ ಮುಗಿದ ಮೇಲೆ, ಯಾವಾಗ ಶುರುವಾಯಿತು ಅಜ್ಜಿ ಅಂತ ಕೇಳಿದರು. ಕೈಗೆ ಗಡಿಯಾರ ಕಟ್ಟಿರಲಿಲ್ಲ. ಇದ್ದದ್ದು ಇದ್ದ ಹಾಗೆ, ಮುದ್ದೆಗೆ ಅಂದೆ. ಉಸಿರು ಕಟ್ಟಿದ್ದು? ಚಾಪ್ಸಿಗೆ. ಎದ್ದದ್ದು? ಅನ್ನಕ್ಕೆ ಸಾರು ಬಂದಾಗ. ಆ ಹುಡುಗಿ ಪಿರಿಯಾಪಟ್ಟಣದ ಕಡೆಯವಳೇ ಇರಬೇಕು, ಬೀಗರೂಟದಲ್ಲಿ ಯಾವುದರ ಹಿಂದೆ ಯಾವುದು ಬರುತ್ತದೆ ಅಂತ ಗೊತ್ತಿತ್ತು, ಹೊತ್ತು ಎಷ್ಟಾಯಿತು ಅಂತ ಬಿಡಿಸಿ ಕೇಳಲಿಲ್ಲ. ಕನ್ನಡಕ ತೆಗೆದು ನನ್ನನ್ನೇ ನೋಡಿ, "ಚಾಪ್ಸಿಗೆ ಎದ್ದಿದ್ರೂ ನಾನು ಏನೂ ಅಂತಿರ್ಲಿಲ್ಲ. ಆದ್ರೆ ನಿಮ್ಮನ್ನ ನೋಡಿದ್ರೆ ಮುಂದಿನ ಸಲ ಮುದ್ದೆಗೇ ಏಳಿ ಅನ್ನೋದು ವಾಸಿ," ಅಂದರು. ಸಣ್ಣೇಗೌಡರು ಮಾರನೆಯ ದಿನ ಕ್ಯಾರಿಯರ್ ಹಿಡಿದುಕೊಂಡು ಬಂದರು. ನರ್ಸು ಅದನ್ನು ಬಾಗಿಲಲ್ಲೇ ತಡೆದರು, ಚಿಕ್ಕತಾಯಿ ಬಾಗಿಲಲ್ಲೇ ಅದಕ್ಕೆ ನ್ಯಾಯ ಒದಗಿಸಿದಳು. ದಿವ್ಯಳ ಮೇಲೆ ಯಾವ ಮಾತೂ ಬರಲಿಲ್ಲ.

ಮೊನ್ನೆ ಎಚ್.ಡಿ. ಕೋಟೆಯಲ್ಲಿ ಅದೇ ಬಳಗದ ಇನ್ನೊಂದು ಬೀಗರೂಟ. ಈ ಸಲ ನನಗೆ ಬಾಗಿಲ ಪಕ್ಕದ ಎಲೆ. ಮುದ್ದೆ ಬಿದ್ದದ್ದೇ ಎದೆ ಒಮ್ಮೆ ಪುಟಿಯಿತು. ನಾನು ಮುದ್ದೆಯಿಂದ ಕೈ ತೆಗೆದು ಎದೆಯ ಮೇಲೆ ಇಟ್ಟುಕೊಂಡೆ. ಚಿಕ್ಕತಾಯಿ ಆಗಲೇ ಕುರ್ಚಿ ಹಿಂದಕ್ಕೆ ತಳ್ಳಿದ್ದಳು. ಸಣ್ಣೇಗೌಡರು ಫೋನು ತೆಗೆದಿದ್ದರು. ಪಂಕ್ತಿಯ ಆ ತುದಿಯವರೆಗೆ ಒಬ್ಬರೂ ತುತ್ತು ಎತ್ತಲಿಲ್ಲ. ಉಸಿರು ನೋಡಿಕೊಂಡೆ, ಇದೆ. ತಲೆ ನೋಡಿಕೊಂಡೆ, ನೆಟ್ಟಗಿದೆ. ಎದೆ ಎಲ್ಲೂ ಹಿಡಿದಿಲ್ಲ, ಪುಟಿದದ್ದೂ ನಿಂತಿದೆ. ಇದು ಫೋನಿಗೆ ಸೇರಿದ್ದು, ಆಂಬುಲೆನ್ಸಿಗಲ್ಲ. ಸಂಜೆ ಡಾಕ್ಟರಿಗೆ ಹೇಳಿದರಾಯಿತು. "ಉಣ್ಣಿ," ಅಂದೆ. ಇಡೀ ಪಂಕ್ತಿ ಒಟ್ಟಿಗೆ ಮುದ್ದೆ ಮುರಿಯಿತು. ಕಾನ್ವೆಂಟಿನಲ್ಲಿ ಒಂದು ವರ್ಷವಾದರೂ ಕ್ಲಾಸ್ ಲೀಡರ್ ಆಗಬೇಕು ಅಂತ ನಾನು ಎಷ್ಟು ಆಸೆಪಟ್ಟಿದ್ದೆ. ಅದಕ್ಕೆ ಮಾರ್ಕ್ಸ್ ಬೇಕಿರಲಿಲ್ಲ, ಇಂಥ ಒಂದು ಹೃದಯ ಬೇಕಿತ್ತು ಅಂತ ಆ ಸಿಸ್ಟರ್ ಆಗಲೇ ಹೇಳಿದ್ದಿದ್ದರೆ ಚೆನ್ನಾಗಿತ್ತು.